ಇಂಟರಪ್ಟ್ ನಿಂತುಹೋಯಿತೇ? ಪಿನ್ನಿನಿಂದ ಡ್ರೈವರ್‌ವರೆಗೆ ಹುಡುಕುವ ದಾರಿ

ಮಲ್ಪೆಯ ಒಂದು ಐಸ್ ಪ್ಲಾಂಟ್‌ಗೆ ನಾವೊಂದು ಚಿಕ್ಕ ಪೆಟ್ಟಿಗೆ ಮಾಡಿಕೊಟ್ಟಿದ್ದೆವು. ಕಂಪ್ರೆಸರ್ ಓಡುತ್ತಿದೆಯಾ, ಪಂಪ್ ಟ್ರಿಪ್ ಆಯಿತಾ, ಟ್ಯಾಂಕಿನ ಫ್ಲೋಟ್ ಸ್ವಿಚ್ ಮೇಲಿದೆಯಾ ಕೆಳಗಿದೆಯಾ, ಕೋಲ್ಡ್ ರೂಮಿನ ಬಾಗಿಲು ತೆರೆದೇ ಉಳಿದಿದೆಯಾ. ಇಂಥ ಹದಿನಾರು ಸಂಗತಿಗಳನ್ನು ನೋಡಿ ಮೊಬೈಲಿಗೆ ತಿಳಿಸುವುದು ಅದರ ಕೆಲಸ. ಒಳಗೆ ಒಂದು ರಾಸ್ಪ್‌ಬೆರಿ ಪೈ 4, ಅಂದರೆ ಲಿನಕ್ಸ್ ಓಡಿಸುವ ಚಿಕ್ಕ ಕಂಪ್ಯೂಟರ್ ಬೋರ್ಡ್. ಅದಕ್ಕೆ ಐ2ಸಿ ತಂತಿಯಲ್ಲಿ (ಚಿಪ್‌ಗಳು ಮಾತಾಡಿಕೊಳ್ಳುವ ಎರಡು ತಂತಿಯ ಸಂಪರ್ಕ) ಜೋಡಿಸಿದ ಎಂಸಿಪಿ23017 ಎಂಬ, ಹದಿನಾರು ಸಿಗ್ನಲ್ ಪಿನ್ ಒದಗಿಸುವ ಎಕ್ಸ್‌ಪಾಂಡರ್ ಚಿಪ್. ಯಾವ ಪಿನ್ ಬದಲಾದರೂ ಆ ಚಿಪ್ ಒಂದು ಇಂಟರಪ್ಟ್ ತಂತಿಯನ್ನು, ಅಂದರೆ "ಈಗಲೇ ನನ್ನನ್ನು ನೋಡು" ಎಂದು ಕರೆಯುವ ತಂತಿಯನ್ನು, ಕೆಳಕ್ಕೆ (ಸೊನ್ನೆ ವೋಲ್ಟ್‌ನ ಹತ್ತಿರಕ್ಕೆ) ಎಳೆದು ಪೈಗೆ ಹೇಳುತ್ತದೆ.

ಮಣಿಪಾಲದ ನಮ್ಮ ಮೇಜಿನ ಮೇಲೆ ಎರಡು ವಾರ ಒಂದೂ ತಪ್ಪಿಲ್ಲದೆ ಓಡಿತ್ತು. ಮಲ್ಪೆಯಲ್ಲಿ ಮೂರನೇ ದಿನಕ್ಕೆ ಫೋನ್ ಬಂತು. "ಮಾರಾಯ್ರೆ, ನಿಮ್ಮ ಪೆಟ್ಟಿಗೆ ಪುನಃ ಸುಮ್ನೆ ಕೂತಿದೆ. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗ್ತದೆ. ನೀವು ಅಲ್ಲಿಂದ ರೀಬೂಟ್ ಮಾಡಿದರೆ ಆಗುವುದಿಲ್ಲ."

ಪ್ಲಾಂಟ್‌ನ ಸೂಪರ್‌ವೈಸರ್ ಹೇಳಿದ ಆ ಕೊನೆಯ ಮಾತಿನಲ್ಲೇ ಉತ್ತರ ಇತ್ತು. ಅದು ನನಗೆ ಹೊಳೆಯಲು ಒಂದು ಇಡೀ ದಿನ ಹಿಡಿಯಿತು. ಆ ಒಂದು ದಿನ ನಾನು ಮಾಡಿದ್ದು ಡ್ರೈವರ್‌ನ, ಅಂದರೆ ಚಿಪ್ ಜೊತೆ ಮಾತಾಡುವ ಸಾಫ್ಟ್‌ವೇರ್‌ನ, ಕೋಡ್ ಓದುವ ಕೆಲಸ. ಮಾಡಬೇಕಾಗಿದ್ದದ್ದು ತಂತಿಯ ಮೇಲೆ ಮೀಟರ್ ಇಡುವ ಕೆಲಸ. ಆಮೇಲಿನಿಂದ ಇಂಟರಪ್ಟ್ ತೊಂದರೆ ಬಂದಾಗಲೆಲ್ಲ ನಾನು ಒಂದೇ ದಾರಿಯಲ್ಲಿ ಹೋಗುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಪೈಯದ್ದು, ಆದರೆ ಬೇರೆ ಬೋರ್ಡ್‌ಗಳಲ್ಲೂ ದಾರಿ ಇದೇ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿ ಇರಲಿ. "ತಂತಿ ಯಾವಾಗ ಮಾತಾಡುತ್ತದೆ" ಎಂಬ ಒಂದೇ ಮಾತನ್ನು ನಾಲ್ಕು ಕಡೆ ಬರೆದಿರುತ್ತೇವೆ. ಚಿಪ್‌ನ ಸೆಟ್ಟಿಂಗ್‌ನಲ್ಲಿ, ಬೋರ್ಡಿನ ವೈರಿಂಗ್‌ನಲ್ಲಿ, ಡಿವೈಸ್ ಟ್ರೀಯಲ್ಲಿ (ಬೋರ್ಡಿಗೆ ಏನೇನು ಎಲ್ಲೆಲ್ಲಿ ಜೋಡಿಸಿದೆ ಎಂದು ಲಿನಕ್ಸ್‌ಗೆ ಹೇಳುವ ಪಟ್ಟಿ) ಮತ್ತು ಡ್ರೈವರ್‌ನಲ್ಲಿ. ನಾಲ್ಕರಲ್ಲಿ ಒಂದು ಕಡೆ ಬೇರೆ ಬರೆದಿದ್ದರೂ ಸಾಧನ ಕೆಲಸ ಮಾಡುವುದಿಲ್ಲ. ಕೆಲವೊಮ್ಮೆ ಇದಕ್ಕಿಂತ ಕೆಟ್ಟದ್ದು ಆಗುತ್ತದೆ: ಅರ್ಧ ದಿನ ಕೆಲಸ ಮಾಡಿ ನಿಲ್ಲುತ್ತದೆ.

ಹೆಜ್ಜೆ 1: ಎಣಿಕೆ ನೋಡಿ

/ಪ್ರಾಕ್/ಇಂಟರಪ್ಟ್ಸ್ ಫೈಲನ್ನು ತೆರೆಯಿರಿ. ನಿಮ್ಮ ಡ್ರೈವರ್ ಹೆಸರಿರುವ ಸಾಲು ಹುಡುಕಿ. ಕೊನೆಯಲ್ಲಿ ಬರುವ ಡ್ರೈವರ್ ಹೆಸರು ಬಿಟ್ಟರೆ ನಮ್ಮಲ್ಲಿ ಅದು ಹೀಗಿತ್ತು:

56: 4127 0 0 0 ಪಿನ್‌ಕಂಟ್ರೋಲ್-ಬಿಸಿಎಂ2835 25 ಎಡ್ಜ್

ಎಡಗಡೆಯ 56 ಲಿನಕ್ಸ್ ತನ್ನ ಅನುಕೂಲಕ್ಕೆ ಕೊಟ್ಟುಕೊಂಡ ನಂಬರ್. ಅದು ಬೂಟ್‌ನಿಂದ ಬೂಟ್‌ಗೆ, ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು) ಕರ್ನಲ್‌ಗೆ ಬದಲಾಗಬಹುದು. ಅದನ್ನು ಕೋಡ್‌ನಲ್ಲಿ ಬರೆದಿಡಬೇಡಿ. ಮುಂದಿನ ನಾಲ್ಕು ಅಂಕಿ ನಾಲ್ಕು ಕೋರ್‌ಗಳಲ್ಲಿ ಎಷ್ಟು ಸಲ ಬಂತು ಎಂಬ ಲೆಕ್ಕ. ಆಮೇಲೆ ಯಾವ ಕಂಟ್ರೋಲರ್, ಅದರಲ್ಲಿ ಎಷ್ಟನೇ ತಂತಿ, ಎಡ್ಜ್ ಆ (ತಂತಿ ಬದಲಾಗುವ ಕ್ಷಣ) ಲೆವೆಲ್ ಆ (ತಂತಿ ಇರುವ ಸ್ಥಿತಿ) ಎಂಬುದು; ವಿವರ ಐದನೇ ಹೆಜ್ಜೆಯಲ್ಲಿ. ಈ ಎಡ್ಜ್-ಲೆವೆಲ್ ಪದವನ್ನು ಹೆಚ್ಚಿನವರು ಓದುವುದೇ ಇಲ್ಲ. ದಯವಿಟ್ಟು ಓದಿ.

ಈಗ ಒಂದು ಸ್ವಿಚ್ ಒತ್ತಿ ಪುನಃ ಅದೇ ಫೈಲ್ ನೋಡಿ. ಸಾಲೇ ಇಲ್ಲದಿದ್ದರೆ ಡ್ರೈವರ್ ಇಂಟರಪ್ಟ್ ಕೇಳಿಯೇ ಇಲ್ಲ, ಅಥವಾ ಕೇಳಿ ಸಿಕ್ಕಿಲ್ಲ. ಅಂಥವರು ಮೂರು, ನಾಲ್ಕನೇ ಹೆಜ್ಜೆಗೆ ಹೋಗಬಹುದು. ಸಾಲು ಇದ್ದು ಎಣಿಕೆ ಸೊನ್ನೆ ಆದರೆ ಸಿಗ್ನಲ್ ಪ್ರೊಸೆಸರ್‌ಗೆ ಮುಟ್ಟುತ್ತಿಲ್ಲ. ಎಣಿಕೆ ಒಂದು ಕಡೆ ಬಂದು ಸಿಕ್ಕಿಬಿದ್ದಿದ್ದರೆ ಐದನೇ ಹೆಜ್ಜೆ ನಿಮಗಾಗಿಯೇ ಬರೆದದ್ದು. ಸೆಕೆಂಡಿಗೆ ಸಾವಿರಗಟ್ಟಲೆ ಓಡುತ್ತಿದ್ದರೆ ಯಾರೋ ತಂತಿಯನ್ನು ಬಿಡುತ್ತಿಲ್ಲ ಎಂದು ಅರ್ಥ.

ನಮ್ಮದು 4127ಕ್ಕೆ ನಿಂತಿತ್ತು. ಬಾಗಿಲು ತೆರೆದರೂ 4127. ಪಂಪ್ ನಿಲ್ಲಿಸಿದರೂ 4127.

ಹೆಜ್ಜೆ 2: ಮೀಟರ್ ಹಿಡಿಯಿರಿ

ಚಿಪ್‌ನ ಇಂಟರಪ್ಟ್ ಪಿನ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಇಡಿ. ಓಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಸುಮ್ಮನಿರುವಾಗ ಎಷ್ಟು ವೋಲ್ಟ್, ಇಂಟರಪ್ಟ್ ಬಂದಾಗ ಎಷ್ಟು ವೋಲ್ಟ್ ಎಂದು ಎರಡು ಅಂಕಿ ಬರೆದುಕೊಳ್ಳಿ. ಎಂಸಿಪಿ23017 ಪವರ್ ಬಂದ ಕೂಡಲೇ ಇರುವ ಸ್ಥಿತಿಯಲ್ಲಿ ಸುಮ್ಮನಿರುವಾಗ ತಂತಿ ಮೇಲೆ, ಮಾತಾಡುವಾಗ ಕೆಳಗೆ.

ಇಲ್ಲಿ ನೋಡಬೇಕಾದ ಸಂಗತಿ ಎರಡು.

ಮೊದಲನೆಯದು ವೋಲ್ಟೇಜ್. ಪೈಯ ಪಿನ್‌ಗಳು 3.3 ವೋಲ್ಟಿನವು, 5 ವೋಲ್ಟ್ ತಡೆಯುವುದಿಲ್ಲ. ಎಂಸಿಪಿ23017 ಮಾತ್ರ 5.5 ವೋಲ್ಟ್‌ವರೆಗೂ ಓಡುತ್ತದೆ. ಚಿಪ್‌ಗೆ 5 ವೋಲ್ಟ್ ಕೊಟ್ಟರೆ ಅದರ ಇಂಟರಪ್ಟ್ ತಂತಿಯೂ 5 ವೋಲ್ಟ್ ತಳ್ಳುತ್ತದೆ. ಆಗ ಎರಡು ದಿನ ಕೆಲಸ ಮಾಡಿದಂತೆ ಕಾಣಬಹುದು, ಆದರೆ ಪೈಯ ಪಿನ್ ಹಾಳಾಗುವ ಸಾಧ್ಯತೆ ಯಾವತ್ತೂ ಉಂಟು. ಚಿಪ್ ಅನ್ನೇ 3.3ರಲ್ಲಿ ಓಡಿಸಿ. ಅದು ಆಗದಿದ್ದರೆ ನಡುವೆ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸುವ ಚಿಕ್ಕ ಸರ್ಕ್ಯೂಟ್) ಹಾಕಿ.

ಎರಡನೆಯದು ಪುಲ್-ಅಪ್. ಚಿಪ್‌ನ ತಂತಿಯನ್ನು ಓಪನ್ ಡ್ರೇನ್ ಆಗಿ ಸೆಟ್ ಮಾಡಿದ್ದರೆ ಅದು ಕೆಳಕ್ಕೆ ಎಳೆಯಬಲ್ಲದು, ಮೇಲಕ್ಕೆ ತಳ್ಳಲಾರದು. ಮೇಲೆ ತರಲು ಒಂದು ರೆಸಿಸ್ಟರ್ ಬೇಕು, ಅದೇ ಪುಲ್-ಅಪ್. ಕೆಳಗೆ ಎಳೆದಿಡುವುದು ಪುಲ್-ಡೌನ್. ಪೈಯಲ್ಲಿ ಒಂದು ಸೂಕ್ಷ್ಮ ಉಂಟು. ಬೂಟ್ ಆದಾಗ ಜಿಪಿಐಒ (ಹೊರಗಿನ ಸಿಗ್ನಲ್ ಜೋಡಿಸುವ ಪಿನ್) 0ರಿಂದ 8ರವರೆಗಿನ ಪಿನ್‌ಗಳಿಗೆ ಒಳಗಿನಿಂದ ಪುಲ್-ಅಪ್ ಇರುತ್ತದೆ, 9ರಿಂದ 27ರವರೆಗೆ ಪುಲ್-ಡೌನ್. ನಾವು ಬಳಸಿದ್ದು 25. ಹಾಗಾಗಿ ಓಪನ್ ಡ್ರೇನ್ ಮಾಡಿ ಏನೂ ಹಾಕದೆ ಬಿಟ್ಟಿದ್ದರೆ ತಂತಿ ಯಾವಾಗಲೂ ಕೆಳಗೇ ಬಿದ್ದಿರುತ್ತಿತ್ತು. ಪಿನ್‌ಕಂಟ್ರೋಲ್ ಕಮಾಂಡಿಗೆ ಗೆಟ್ 25 ಎಂದು ಕೊಟ್ಟರೆ ಆ ಪಿನ್ ಇನ್‌ಪುಟ್ ಆಗಿದೆಯಾ, ಪುಲ್ ಯಾವ ಕಡೆ, ಈಗ ಹೈ ಆ ಲೋ ಆ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ.

ಒಳಗಿನ ಪುಲ್-ಅಪ್ ಹತ್ತಾರು ಕಿಲೋಓಮ್‌ನದು, ದುರ್ಬಲ. ಮೇಜಿನ ಮೇಲೆ ಸಾಕು. ನಮ್ಮ ಕರಾವಳಿಯಲ್ಲಿ, ಅದೂ ಬಂದರಿನ ಪಕ್ಕ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಮಳೆಗಾಲದಲ್ಲಿ ಬೋರ್ಡಿನ ಮೇಲೆ ಉಪ್ಪಿನ ಪಸೆ ಕೂತು ತೇವ ಹಿಡಿದರೆ ಅಲ್ಲೇ ಸಣ್ಣ ಲೀಕೇಜ್ ಶುರುವಾಗುತ್ತದೆ. ಹೊರಗೆ ಒಂದು 4.7 ಕಿಲೋಓಮ್ ರೆಸಿಸ್ಟರ್ ಬೆಸುಗೆ ಹಾಕಿ, ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಹೊಡೆಯಿರಿ.

ಐಸ್ ಪ್ಲಾಂಟ್‌ನಲ್ಲಿ ನಾನು ಮೀಟರ್ ಇಟ್ಟಾಗ 0.02 ವೋಲ್ಟ್ ತೋರಿಸಿತು. ಅಲುಗಾಡಲೇ ಇಲ್ಲ. ಅಂದರೆ ಚಿಪ್ "ನನ್ನ ಹತ್ತಿರ ಸುದ್ದಿ ಉಂಟು, ಬಂದು ಓದಿ" ಎಂದು ತಂತಿಯನ್ನು ಎಳೆದು ಹಿಡಿದೇ ಇತ್ತು. ಪೈ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಆಗ ಒಂದು ಸಣ್ಣ ಪ್ರಯೋಗ ಮಾಡಿದೆ. ಐ2ಸಿಗೆಟ್ ಕಮಾಂಡಿನಿಂದ ಹೆಕ್ಸ್ 20 ವಿಳಾಸದ ಚಿಪ್‌ನಲ್ಲಿ ಮೊದಲು ಇಂಟ್‌ಎಫ್-ಎ ರಿಜಿಸ್ಟರ್ (ಚಿಪ್‌ನ ಒಳಗಿನ ಚಿಕ್ಕ ಮೆಮೊರಿ ಜಾಗ) ಓದಿದೆ. ಯಾವ ಪಿನ್ ಇಂಟರಪ್ಟ್ ಕೊಟ್ಟಿತು ಎಂದು ಇದು ಹೇಳುತ್ತದೆ, ಓದಿದ್ದರಿಂದ ಏನೂ ಅಳಿಯುವುದಿಲ್ಲ. ಒಂದು ಬಿಟ್ ಏರಿತ್ತು. ಆಮೇಲೆ ಇಂಟ್‌ಕ್ಯಾಪ್-ಎ ಓದಿದೆ. ಇದನ್ನು ಓದಿದರೆ ಇಂಟರಪ್ಟ್ ಕ್ಲಿಯರ್ ಆಗುತ್ತದೆ. ಎಂಟರ್ ಒತ್ತಿದ ಕ್ಷಣ ಮೀಟರಿನ ಅಂಕಿ 0.02ರಿಂದ 3.29ಕ್ಕೆ ಹಾರಿತು. ಬಾಗಿಲು ತೆರೆದೆ. ಎಣಿಕೆ 4128. ಸತ್ತಂತಿದ್ದ ಪೆಟ್ಟಿಗೆ ಎದ್ದು ಕೂತಿತು.

ಈ ಪ್ರಯೋಗವನ್ನು ನೀವೂ ಮಾಡಿ, ಆದರೆ ಇದೇ ಕ್ರಮದಲ್ಲಿ. ಡ್ರೈವರ್ ಹಿಡಿದಿರುವ ಚಿಪ್ ಓದಲು ಕಮಾಂಡಿಗೆ ಫೋರ್ಸ್ ಆಯ್ಕೆ ಕೊಡಬೇಕಾಗುತ್ತದೆ. ಕ್ಲಿಯರ್ ಮಾಡುವ ರಿಜಿಸ್ಟರನ್ನು ಮೊದಲೇ ಓದಿಬಿಟ್ಟರೆ ಸಾಕ್ಷಿ ನಾಶವಾಗುತ್ತದೆ. ನಿಮ್ಮ ಚಿಪ್ ಬೇರೆಯಾದರೆ ಯಾವ ರಿಜಿಸ್ಟರ್ ಓದಿದರೆ ಏನು ಅಳಿಯುತ್ತದೆ ಎಂದು ಡೇಟಾಶೀಟ್ ನೋಡಿಯೇ ಮುಟ್ಟಿ.

ಹೆಜ್ಜೆ 3: ಡಿವೈಸ್ ಟ್ರೀ

ಇಲ್ಲಿ ಮೂರು ವಿಷಯ ಸರಿಯಿರಬೇಕು: ಯಾವ ಕಂಟ್ರೋಲರ್, ಎಷ್ಟನೇ ತಂತಿ, ಯಾವ ರೀತಿಯ ಸಿಗ್ನಲ್.

ತಂತಿಯ ನಂಬರಿನಲ್ಲಿ ಹೊಸಬರು ಎಡವುವುದು ಪಿನ್ನಿನ ಜಾಗದ ನಂಬರ್ ಬರೆದು. ಜಿಪಿಐಒ 25 ಇರುವುದು ಪೈಯ ಹೆಡರಿನ 22ನೇ ಪಿನ್ನಿನಲ್ಲಿ. ಡಿವೈಸ್ ಟ್ರೀಗೆ ಬೇಕಾದ್ದು 25.

ಜಿಪಿಐಒ ಬಿಟ್ಟು ನೇರ ಪ್ರೊಸೆಸರ್‌ನ ಮುಖ್ಯ ಇಂಟರಪ್ಟ್ ಕಂಟ್ರೋಲರ್‌ಗೆ, ಅಂದರೆ ಆರ್ಮ್ ಬೋರ್ಡ್‌ಗಳ ಜಿಐಸಿಗೆ, ತಂತಿ ಹೋಗುತ್ತಿದ್ದರೆ ಲೆಕ್ಕ ಬೇರೆ. ಜಿಐಸಿಯಲ್ಲಿ 0ರಿಂದ 15 ಕೋರ್‌ಗಳು ಪರಸ್ಪರ ಕರೆಯಲು, 16ರಿಂದ 31 ಒಂದೊಂದು ಕೋರ್‌ನ ಸ್ವಂತಕ್ಕೆ. ಹೊರಗಿನ ಸಾಧನಗಳಿಗೆ 32ರಿಂದ ಮುಂದೆ. ಡಿವೈಸ್ ಟ್ರೀಯಲ್ಲಿ ಈ 32 ಕಳೆದು ಬರೆಯಬೇಕು. ಮ್ಯಾನುಯಲ್‌ನಲ್ಲಿ 77 ಎಂದಿದ್ದರೆ ನೀವು ಬರೆಯುವುದು 45. ಕೆಲವು ಮ್ಯಾನುಯಲ್‌ಗಳು ಆಗಲೇ 32 ಕಳೆದ ನಂಬರ್ ಕೊಟ್ಟಿರುತ್ತವೆ. ಅದೇ ಪ್ರೊಸೆಸರ್‌ನ ಯುಎಆರ್‌ಟಿ (ಸೀರಿಯಲ್ ಪೋರ್ಟ್) ಥರದ ಗೊತ್ತಿರುವ ಒಂದು ಸಾಧನದ ನಂಬರ್ ಕರ್ನಲ್‌ನ ಟ್ರೀಯಲ್ಲಿ ಹೇಗೆ ಬರೆದಿದ್ದಾರೆ ಎಂದು ನೋಡಿ, ಮ್ಯಾನುಯಲ್ ಜೊತೆ ಹೋಲಿಸಿ. ಎರಡು ನಿಮಿಷದ ಕೆಲಸ, ಎರಡು ದಿನ ಉಳಿಯುತ್ತದೆ.

ಸಿಗ್ನಲ್‌ನ ರೀತಿಗೆ ಸಂಖ್ಯೆಗಳು ಹೀಗೆ: ಏರುವ ಎಡ್ಜ್ 1, ಇಳಿಯುವ ಎಡ್ಜ್ 2, ಎರಡೂ 3, ಹೈ ಲೆವೆಲ್ 4, ಲೋ ಲೆವೆಲ್ 8. ಇಲ್ಲೊಂದು ನಿಜವಾದ ಹೊಂದಾಣಿಕೆಯ ಗೋಡೆ ಉಂಟು. ಹೊರಗಿನ ಸಾಧನಗಳ ತಂತಿಗಳಲ್ಲಿ ಜಿಐಸಿ ಒಪ್ಪುವುದು ಏರುವ ಎಡ್ಜ್ ಮತ್ತು ಹೈ ಲೆವೆಲ್ ಎರಡನ್ನೇ. ಅಲ್ಲಿ 2 ಅಥವಾ 8 ಬರೆದರೆ ಡಿಮೆಸೇಜ್‌ನಲ್ಲಿ (ಕರ್ನಲ್‌ನ ಲಾಗ್) "ಸೆಟ್ಟಿಂಗ್ ಟ್ರಿಗರ್ ಮೋಡ್ 8 ... ಫೇಲ್ಡ್" ಎಂಬ ಸಾಲು ಬರುತ್ತದೆ, ಜೊತೆಗೆ ಮೈನಸ್ 22 ಎಂಬ ಎರರ್ ನಂಬರ್. ಇದಕ್ಕೆ ಡ್ರೈವರ್‌ನಲ್ಲಿ ಪರಿಹಾರ ಇಲ್ಲ. ಜಿಪಿಐಒ ಮೂಲಕ ತನ್ನಿ, ಇಲ್ಲವೇ ಚಿಪ್‌ನ ಧ್ರುವ (ಮಾತಾಡುವಾಗ ತಂತಿ ಹೈ ಆ ಲೋ ಆ ಎಂಬುದು) ಬದಲಾಯಿಸಿ, ಇಲ್ಲವೇ ನಡುವೆ ಒಂದು ಇನ್ವರ್ಟರ್ ಗೇಟ್ ಹಾಕಿ.

ಬರೆದದ್ದು ನಿಜವಾಗಿ ಲೋಡ್ ಆಗಿದೆಯಾ ಎಂದೂ ನೋಡಿ. ಓಡುತ್ತಿರುವ ಟ್ರೀ /ಪ್ರಾಕ್/ಡಿವೈಸ್-ಟ್ರೀ ಒಳಗೆ ಫೋಲ್ಡರ್‌ಗಳಾಗಿ ಕೂತಿರುತ್ತದೆ. ಡಿಟಿಸಿ ಟೂಲ್‌ನಿಂದ ಅದನ್ನು ಓದುವ ರೂಪಕ್ಕೆ ತರಬಹುದು. ಓವರ್‌ಲೇ ಫೈಲ್ (ಟ್ರೀಗೆ ಸೇರಿಸುವ ತುಣುಕು) ತಿದ್ದಿ, ಕಂಪೈಲ್ ಮಾಡಿ, ಕಾಪಿ ಮಾಡಲು ಮರೆತು ಗಂಟೆಗಟ್ಟಲೆ ಹುಡುಕಿದವರನ್ನು ನಾನು ತುಂಬಾ ನೋಡಿದ್ದೇನೆ.

ಹೆಜ್ಜೆ 4: ಡ್ರೈವರ್ ಕೇಳುವಾಗ ಬರುವ ಉತ್ತರ

ಡ್ರೈವರ್ ಕರ್ನಲ್‌ನಿಂದ ಇಂಟರಪ್ಟ್ ಕೇಳುವ ರಿಕ್ವೆಸ್ಟ್ ಐಆರ್‌ಕ್ಯೂ ಕರೆ ಫೇಲ್ ಆದರೆ ಅದು ಕೊಡುವ ನಂಬರನ್ನು ಪ್ರಿಂಟ್ ಮಾಡಿಸಿ. "ಇಂಟರಪ್ಟ್ ಸಿಗಲಿಲ್ಲ" ಎಂದಷ್ಟೇ ಪ್ರಿಂಟ್ ಮಾಡುವ ಡ್ರೈವರ್‌ಗಳಿಂದ ಯಾರಿಗೂ ಉಪಯೋಗ ಇಲ್ಲ.

ಮೈನಸ್ 517 ಬಂದರೆ ಹೆದರಬೇಡಿ. ಕಂಟ್ರೋಲರ್‌ನ ಡ್ರೈವರ್ ಇನ್ನೂ ಎದ್ದಿಲ್ಲ, ಆಮೇಲೆ ಬನ್ನಿ ಎಂದು ಅರ್ಥ. ಪ್ರೋಬ್ ಫಂಕ್ಷನ್ನಿನಿಂದ (ಸಾಧನವನ್ನು ಸಿದ್ಧ ಮಾಡಲು ಕರ್ನಲ್ ಕರೆಯುವುದು) ಅದೇ ನಂಬರನ್ನು ಹಿಂದಿರುಗಿಸಿ, ಕರ್ನಲ್ ಪುನಃ ಕರೆಯುತ್ತದೆ.

ಮೈನಸ್ 16 ಬಂದರೆ ಆ ತಂತಿ ಬೇರೆಯವರ ಕೈಯಲ್ಲಿದೆ. ಜೊತೆಗೆ "ಫ್ಲಾಗ್ಸ್ ಮಿಸ್‌ಮ್ಯಾಚ್" ಎಂಬ ಸಾಲು ಬರುತ್ತದೆ, ಅದರಲ್ಲಿ ಇಬ್ಬರ ಹೆಸರೂ ಇರುತ್ತದೆ. ಹಂಚಿಕೊಳ್ಳಬೇಕಾದರೆ ಇಬ್ಬರೂ ಶೇರ್ಡ್ ಫ್ಲಾಗ್ ಕೊಟ್ಟಿರಬೇಕು, ಟ್ರಿಗರ್ ರೀತಿ ಒಂದೇ ಇರಬೇಕು. ಒಬ್ಬರು ಮಾತ್ರ ಕೊಟ್ಟರೆ ಆಗುವುದಿಲ್ಲ.

ಮೈನಸ್ 22 ಬಂದರೆ ಕಂಟ್ರೋಲರ್ ಒಪ್ಪದ ಟ್ರಿಗರ್ ಇರಬಹುದು, ಅಥವಾ ಥ್ರೆಡ್ ಹ್ಯಾಂಡ್ಲರ್ ಮಾತ್ರ ಕೊಟ್ಟು ಒನ್‌ಶಾಟ್ ಫ್ಲಾಗ್ ಮರೆತಿರಬಹುದು. (ಹ್ಯಾಂಡ್ಲರ್ ಅಂದರೆ ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್; ಥ್ರೆಡ್, ಒನ್‌ಶಾಟ್ ವಿವರ ಆರನೇ ಹೆಜ್ಜೆಯಲ್ಲಿ.)

ಐ2ಸಿ ಡ್ರೈವರ್ ಬರೆಯುವವರು ಒಂದು ಮಾತು ನೆನಪಿಡಿ. ಟ್ರೀಯಲ್ಲಿ ಇಂಟರಪ್ಟ್ ಸಿಗದಿದ್ದರೆ ಕ್ಲೈಂಟ್‌ನ ಐಆರ್‌ಕ್ಯೂ ಜಾಗದಲ್ಲಿ 0 ಇರುತ್ತದೆ. 0 ಒಂದು ಇಂಟರಪ್ಟ್ ಅಲ್ಲ, "ಇಲ್ಲ" ಎಂಬ ಉತ್ತರ.

ಹಳೆಯ ಡ್ರೈವರ್ ಹೊಸ ಕರ್ನಲ್‌ಗೆ ತರುತ್ತಿದ್ದೀರಾ? ನಮ್ಮದೂ ಅದೇ ಆಗಿತ್ತು. ಈ ಚಿಪ್‌ಗೆ ಕರ್ನಲ್‌ನಲ್ಲೇ ಒಳ್ಳೆಯ ಡ್ರೈವರ್ ಉಂಟು. ಹೊಸದಾಗಿ ಶುರು ಮಾಡುವವರು ಅದನ್ನೇ ಬಳಸಿ. ನಾವು ಹಿಂದಿನ ಬೋರ್ಡಿನ ಕೋಡನ್ನೇ ಎತ್ತಿಕೊಂಡಿದ್ದೆವು. ಅಂಥ ಕೋಡ್‌ನಲ್ಲಿ ಹ್ಯಾಂಡ್ಲರ್‌ಗೆ ಮೂರನೇ ಆರ್ಗ್ಯುಮೆಂಟ್ ಇದ್ದರೆ ತೆಗೆಯಿರಿ, ಅದು 2006ರಲ್ಲಿ 2.6.19 ಕರ್ನಲ್‌ನಲ್ಲೇ ಹೋಯಿತು. ಡಿಸೇಬಲ್ಡ್ ಎಂಬ ಫ್ಲಾಗ್ 2015ರ 4.1ರಲ್ಲಿ ಪೂರ್ತಿ ಹೋಯಿತು. ಇವೆರಡೂ ಕಂಪೈಲ್ ಆಗುವಾಗಲೇ ಗೊತ್ತಾಗುತ್ತವೆ, ಹಾಗಾಗಿ ಅಪಾಯ ಕಡಿಮೆ. ಸದ್ದಿಲ್ಲದೆ ಕೆಡಿಸುವುದು ನೇರವಾಗಿ ಬರೆದ ನಂಬರ್‌ಗಳು. ಪೈಯ ಕರ್ನಲ್ 6.6ರಿಂದ ಜಿಪಿಐಒಗಳ ಒಟ್ಟು ಎಣಿಕೆ 512ರಿಂದ ಶುರುವಾಗುತ್ತದೆ. ಹಳೆಯ ಕೋಡ್‌ನ 25 ಅಲ್ಲಿ 537. ನಂಬರ್ ಬರೆಯುವುದನ್ನೇ ಬಿಟ್ಟು ಡಿವೈಸ್ ಟ್ರೀಯಿಂದ ತೆಗೆದುಕೊಳ್ಳಿ.

ಹೆಜ್ಜೆ 5: ಎಡ್ಜ್ ಆ, ಲೆವೆಲ್ ಆ?

ನಮ್ಮ ತೊಂದರೆ ಇದ್ದದ್ದು ಇಲ್ಲಿ. ನಾನು ನೋಡಿದ "ಸ್ವಲ್ಪ ಹೊತ್ತು ಓಡಿ ನಿಲ್ಲುವ" ತೊಂದರೆಗಳಲ್ಲಿ ಹೆಚ್ಚಿನವು ಇರುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಾರಲ್ಲ, ಅದು ಎಡ್ಜ್. ಊದಿದ ಕ್ಷಣಕ್ಕೆ ಡ್ರೈವರ್ ಕೇಳಿಸಿಕೊಂಡರೆ ಆಯಿತು, ಇಲ್ಲದಿದ್ದರೆ ಸದ್ದು ಹೋಯಿತು. ಸ್ಟಾಪಿನಲ್ಲಿ ನಿಂತವರು ಕೈ ಚಾಚಿ ಹಿಡಿಯುವುದು ಲೆವೆಲ್. ಬಸ್ಸು ನಿಲ್ಲುವವರೆಗೂ ಕೈ ಇಳಿಸುವುದಿಲ್ಲ, ತಡವಾಗಿ ನೋಡಿದರೂ ಕೈ ಅಲ್ಲೇ ಇರುತ್ತದೆ.

ಎಂಸಿಪಿ23017 ಕೈ ಚಾಚುವ ಜಾತಿಯದು. ಓದುವವರೆಗೂ ತಂತಿಯನ್ನು ಕೆಳಗೆ ಹಿಡಿದೇ ಇರುತ್ತದೆ. ನಮ್ಮ ಡ್ರೈವರ್ ಮಾತ್ರ ಸೀಟಿಗೆ ಕಾಯುತ್ತಿತ್ತು: ಇಳಿಯುವ ಎಡ್ಜ್.

ಹಾಗಾದರೆ ಮೂರು ದಿನ ಹೇಗೆ ಓಡಿತು? ಆ ಚಿಪ್‌ನಲ್ಲಿ ಎಂಟೆಂಟು ಪಿನ್‌ಗಳ ಎರಡು ಗುಂಪು ಉಂಟು, ಎ ಮತ್ತು ಬಿ. ನಾವು ಮಿರರ್ ಬಿಟ್ ಹಾಕಿ ಎರಡರ ಇಂಟರಪ್ಟನ್ನೂ ಒಂದೇ ತಂತಿಗೆ ತಂದಿದ್ದೆವು. ಹ್ಯಾಂಡ್ಲರ್ ಮೊದಲು ಎ ಓದುತ್ತಿತ್ತು, ಆಮೇಲೆ ಬಿ. ಐ2ಸಿ ವೇಗ 100 ಕಿಲೋಹರ್ಟ್ಸ್. ಒಂದು ರಿಜಿಸ್ಟರ್ ಓದಲು ನಾಲ್ಕು ಬೈಟ್, ಒಂದೊಂದಕ್ಕೆ ಒಂಬತ್ತು ಬಿಟ್, ಒಟ್ಟು 36 ಬಿಟ್. ಒಂದು ಬಿಟ್‌ಗೆ 10 ಮೈಕ್ರೋಸೆಕೆಂಡ್. ಅಂದರೆ ಸುಮಾರು 0.4 ಮಿಲಿಸೆಕೆಂಡ್.

ಈಗ ನೋಡಿ. ಎ ಮತ್ತು ಬಿ ಎರಡೂ ಒಟ್ಟಿಗೆ ಬದಲಾದವು. ತಂತಿ ಇಳಿಯಿತು, ಹ್ಯಾಂಡ್ಲರ್ ಬಂತು. ಎ ಓದಿತು. ಬಿ ಬಾಕಿ ಇರುವುದರಿಂದ ತಂತಿ ಕೆಳಗೇ ಇದೆ. ಬಿ ಓದುತ್ತಿರುವ ಆ 0.4 ಮಿಲಿಸೆಕೆಂಡಿನಲ್ಲಿ ಎ ಪುನಃ ಬದಲಾಯಿತು. ಬಿ ಕ್ಲಿಯರ್ ಆಯಿತು, ಆದರೆ ಈಗ ಎ ತಂತಿಯನ್ನು ಹಿಡಿದಿದೆ. ತಂತಿ ಒಮ್ಮೆಯೂ ಮೇಲೆ ಹೋಗಲಿಲ್ಲ. ಮೇಲೆ ಹೋಗದೆ ಇಳಿಯುವುದು ಹೇಗೆ? ಇನ್ನು ಮುಂದೆ ಎಡ್ಜ್ ಬರುವುದೇ ಇಲ್ಲ. 4127ಕ್ಕೆ ನಿಂತದ್ದು ಹೀಗೆ.

ಮೇಜಿನ ಮೇಲೆ ನಾವು ಒಂದೊಂದೇ ಬಟನ್ ಒತ್ತಿ ನೋಡಿದ್ದೆವು. ಆಗ ಇದು ಆಗಲು ಸಾಧ್ಯವೇ ಇರಲಿಲ್ಲ. ಐಸ್ ಪ್ಲಾಂಟ್‌ನಲ್ಲಿ ಕಂಪ್ರೆಸರ್ ಸ್ಟಾರ್ಟ್ ಆದರೆ ಕಾಂಟ್ಯಾಕ್ಟರ್‌ಗಳು (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಒಟ್ಟಿಗೆ ಬಡಿಯುತ್ತವೆ. ಅವುಗಳ ಕಾಂಟ್ಯಾಕ್ಟ್ ಒಂದೇ ಸಲ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಆ ಪುಟಿತಕ್ಕೆ ನಮ್ಮ 0.4 ಮಿಲಿಸೆಕೆಂಡಿನ ಕಿಂಡಿ ಸಾಕಷ್ಟು ದೊಡ್ಡದು.

ಸೂಪರ್‌ವೈಸರ್ ಹೇಳಿದ ಮಾತಿಗೂ ಈಗ ಅರ್ಥ ಸಿಗುತ್ತದೆ. ರೀಬೂಟ್ ಮಾಡಿದರೆ ಪೈ ಮಾತ್ರ ಹೊಸದಾಗಿ ಏಳುತ್ತದೆ. ಚಿಪ್‌ಗೆ ಕರೆಂಟ್ ಹೋಗುವುದಿಲ್ಲ, ಅದು ತಂತಿ ಹಿಡಿದೇ ಇರುತ್ತದೆ. ಡ್ರೈವರ್ ಎದ್ದಾಗ ತಂತಿ ಆಗಲೇ ಕೆಳಗೆ. ಎಡ್ಜ್ ಇಲ್ಲ, ಎಣಿಕೆ ಸೊನ್ನೆ. ಮೇನ್ ಸ್ವಿಚ್ ಆಫ್ ಮಾಡಿದರೆ ಚಿಪ್ ಕೂಡ ರೀಸೆಟ್ ಆಗುತ್ತದೆ. "ರೀಬೂಟ್‌ಗೆ ಬಗ್ಗುವುದಿಲ್ಲ, ಪವರ್ ತೆಗೆದರೆ ಸರಿ" ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನೇ ಅನುಮಾನಿಸಿ.

ಸರಿಪಡಿಸಲು ಡಿವೈಸ್ ಟ್ರೀಯಲ್ಲಿ 2 ಇದ್ದದ್ದನ್ನು 8 ಮಾಡಿದೆ. ರೀಬೂಟ್ ಮಾಡಿದೆ. /ಪ್ರಾಕ್/ಇಂಟರಪ್ಟ್ಸ್ ನೋಡಿದರೆ ಇನ್ನೂ ಎಡ್ಜ್ ಎಂದೇ ಇತ್ತು! ಕಾರಣ ಡ್ರೈವರ್. ಅದರ ಕರೆಯಲ್ಲೇ ಟ್ರಿಗರ್ ಫಾಲಿಂಗ್ ಎಂಬ ಫ್ಲಾಗ್ ಬರೆದಿತ್ತು. ಡ್ರೈವರ್ ಟ್ರಿಗರ್ ಹೇಳಿದರೆ ಟ್ರೀಯ ಮಾತಿಗಿಂತ ಅದೇ ಮೇಲು. ಡ್ರೈವರ್ ಏನೂ ಹೇಳದಿದ್ದರೆ ಮಾತ್ರ ಟ್ರೀಯ ಮಾತು ನಡೆಯುತ್ತದೆ. ಹಾಗಾಗಿ ಡ್ರೈವರ್‌ನಿಂದ ಟ್ರಿಗರ್ ಫ್ಲಾಗ್ ತೆಗೆದುಹಾಕಿ, ಒನ್‌ಶಾಟ್ ಒಂದನ್ನೇ ಬಿಡಿ. ಆಮೇಲೆ ಆ ಸಾಲಿನಲ್ಲಿ ಎಡ್ಜ್ ಇದ್ದ ಜಾಗದಲ್ಲಿ ಲೆವೆಲ್ ಎಂದು ಬಂದದ್ದನ್ನು ಕಣ್ಣಾರೆ ನೋಡಿ.

ಎಡ್ಜ್ ಬೇಡವೇ ಬೇಡ ಎಂದಲ್ಲ. ಒಂದು ಚಿಕ್ಕ ಪಲ್ಸ್ ಕೊಟ್ಟು ಸುಮ್ಮನಾಗುವ ಸೆನ್ಸರ್‌ಗಳಿಗೆ, ನೀರಿನ ಫ್ಲೋ ಮೀಟರ್‌ಗಳಿಗೆ ಎಡ್ಜೇ ಸರಿ. ಓದುವವರೆಗೆ ತಂತಿ ಹಿಡಿಯುವ ಚಿಪ್‌ಗೆ ಲೆವೆಲ್. ಡೇಟಾಶೀಟ್‌ನಲ್ಲಿ ಇಂಟರಪ್ಟ್ ಹೇಗೆ ಕ್ಲಿಯರ್ ಆಗುತ್ತದೆ ಎಂಬ ಪ್ಯಾರಾ ಓದಿದರೆ ಯಾವ ಜಾತಿ ಎಂದು ತಿಳಿಯುತ್ತದೆ.

ಹೆಜ್ಜೆ 6: ಲೆವೆಲ್ ಮಾಡಿದ ಮೇಲೆ ಬಿರುಗಾಳಿ ಎದ್ದರೆ

ಲೆವೆಲ್‌ಗೆ ಬದಲಾಯಿಸಿದ ಕೂಡಲೇ ಎಣಿಕೆ ಹುಚ್ಚು ಹಿಡಿದಂತೆ ಓಡಿದರೆ ಗಾಬರಿಯಾಗಿ ಎಡ್ಜ್‌ಗೆ ಹಿಂದಿರುಗಬೇಡಿ. ಮೊದಲೇ ಇದ್ದ ತಪ್ಪು ಈಗ ಬೆಳಕಿಗೆ ಬಂದಿದೆ ಅಷ್ಟೇ. ಹ್ಯಾಂಡ್ಲರ್ ಎಲ್ಲ ಕಾರಣಗಳನ್ನೂ ಕ್ಲಿಯರ್ ಮಾಡುತ್ತಿಲ್ಲ. ನಮ್ಮ ಚಿಪ್‌ನಲ್ಲಾದರೆ ಬಿ ಗುಂಪು ಓದದೆ ಬಿಟ್ಟರೆ ಹೀಗಾಗುತ್ತದೆ.

"ನೋಬಡಿ ಕೇರ್ಡ್" ಎಂಬ ಸಾಲು ಬಂದು ಕರ್ನಲ್ ಆ ತಂತಿಯನ್ನೇ ಮುಚ್ಚಿಬಿಡುವುದೂ ಉಂಟು. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಇಂಟರಪ್ಟ್‌ಗಳನ್ನು ಯಾರೂ ತಮ್ಮದು ಎನ್ನದಿದ್ದರೆ ಕರ್ನಲ್ ಹೀಗೆ ಮಾಡುತ್ತದೆ. ಆ ಸಾಲನ್ನು ನಿಲ್ಲಿಸಲು ಹ್ಯಾಂಡ್ಲರ್‌ನಲ್ಲಿ ಸುಮ್ನೆ "ಹ್ಯಾಂಡಲ್ಡ್" ಎಂದು ಹಿಂದಿರುಗಿಸುವುದು ದೊಡ್ಡ ತಪ್ಪು. ನಿಮ್ಮ ಚಿಪ್‌ನ ಸ್ಟೇಟಸ್ ಓದಿ, ನಿಮ್ಮದಲ್ಲದಿದ್ದರೆ "ಐಆರ್‌ಕ್ಯೂ ನನ್" ("ನನ್ನದಲ್ಲ" ಎಂಬ ಉತ್ತರ) ಎಂದೇ ಹೇಳಿ. /ಪ್ರಾಕ್/ಐಆರ್‌ಕ್ಯೂ ಒಳಗೆ ನಿಮ್ಮ ನಂಬರಿನ ಫೋಲ್ಡರಿನಲ್ಲಿ ಸ್ಪ್ಯೂರಿಯಸ್ ಎಂಬ ಫೈಲ್ ಉಂಟು. ಯಾರೂ ಹೊಣೆ ಹೊರದ ಇಂಟರಪ್ಟ್‌ಗಳ ಲೆಕ್ಕ ಅದರಲ್ಲಿ ಸಿಗುತ್ತದೆ.

"ಶೆಡ್ಯೂಲಿಂಗ್ ವೈಲ್ ಅಟಾಮಿಕ್" ಎಂಬ ಸಾಲು ಬಂದರೆ ನೀವು ನೇರ ಹ್ಯಾಂಡ್ಲರ್‌ನಲ್ಲೇ ಐ2ಸಿ ಓದುತ್ತಿದ್ದೀರಿ. ಐ2ಸಿ ಓದುವಾಗ ಕಾಯಬೇಕಾಗುತ್ತದೆ, ಇಂಟರಪ್ಟ್ ಹ್ಯಾಂಡ್ಲರ್ ಕಾಯುವಂತಿಲ್ಲ. 2009ರ 2.6.30 ಕರ್ನಲ್‌ನಿಂದ ಇದಕ್ಕೆಂದೇ ಥ್ರೆಡೆಡ್ ಹ್ಯಾಂಡ್ಲರ್ ಉಂಟು. ಮೊದಲ ಹ್ಯಾಂಡ್ಲರ್ ಜಾಗದಲ್ಲಿ ನಲ್ ಕೊಡಿ, ಕೆಲಸವನ್ನು ಥ್ರೆಡ್‌ಗೆ ಕೊಡಿ, ಒನ್‌ಶಾಟ್ ಹಾಕಿ. ಥ್ರೆಡ್ ಮುಗಿಯುವವರೆಗೆ ತಂತಿಯನ್ನು ಮುಚ್ಚಿಡುವುದು ಈ ಒನ್‌ಶಾಟ್. ಲೆವೆಲ್ ಇಂಟರಪ್ಟ್‌ಗೆ ಅದಿಲ್ಲದೆ ಆಗುವುದೇ ಇಲ್ಲ.

ಪ್ರೋಬ್‌ನಲ್ಲಿ ಕ್ರಮವೂ ಮುಖ್ಯ. ಮೊದಲು ಚಿಪ್‌ನ ಇಂಟರಪ್ಟ್ ಮಾಸ್ಕ್ ಮಾಡಿ, ಅಂದರೆ ಮುಚ್ಚಿಡಿ. ಹಳೆಯ ಬಾಕಿ ಓದಿ ಕ್ಲಿಯರ್ ಮಾಡಿ. ಹ್ಯಾಂಡ್ಲರ್ ಬಳಸುವ ಎಲ್ಲ ಡೇಟಾ ಸಿದ್ಧ ಮಾಡಿ. ಆಮೇಲೆ ಇಂಟರಪ್ಟ್ ಕೇಳಿ. ಕೊನೆಗೆ ಚಿಪ್‌ನಲ್ಲಿ ಇಂಟರಪ್ಟ್ ತೆರೆಯಿರಿ. ಕೇಳಿದ ಮರುಕ್ಷಣವೇ ಹ್ಯಾಂಡ್ಲರ್ ಓಡಬಹುದು ಎಂದುಕೊಂಡೇ ಬರೆಯಿರಿ.

ಹೆಜ್ಜೆ 7: ನಿಜವಾದ ಪರೀಕ್ಷೆ

ಬಟನ್ ಒತ್ತಿ "ಬಂತು" ಎಂದು ಪೆಟ್ಟಿಗೆ ಮುಚ್ಚಬೇಡಿ. ನಾವು ಈಗ ಇನ್ನೊಂದು ಚಿಕ್ಕ ಬೋರ್ಡ್ ಇಟ್ಟುಕೊಂಡಿದ್ದೇವೆ. ಅದು ಎ ಗುಂಪಿನ ಒಂದು ಪಿನ್, ಬಿ ಗುಂಪಿನ ಒಂದು ಪಿನ್ ಎರಡನ್ನೂ ಕುಣಿಸುತ್ತದೆ. ನಡುವಿನ ಅಂತರ ಒಮ್ಮೆ 50 ಮೈಕ್ರೋಸೆಕೆಂಡ್, ಒಮ್ಮೆ 300, ಒಮ್ಮೆ 1 ಮಿಲಿಸೆಕೆಂಡ್. ಹೀಗೆ ರಾತ್ರಿಯಿಡೀ. ಹಳೆಯ ಡ್ರೈವರ್ ಈ ಪರೀಕ್ಷೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ನಿಂತಿತು. ಮಲ್ಪೆಯಲ್ಲಿ ಮೂರು ದಿನ ಕಾದು ಕಂಡ ತಪ್ಪು ಮೇಜಿನ ಮೇಲೇ ಸಿಕ್ಕಿತು.

ಲೆಕ್ಕ ಹಾಕುವಾಗ ಒಂದು ಜಾಗ್ರತೆ. ಕಳಿಸಿದ ಬದಲಾವಣೆಗಳ ಸಂಖ್ಯೆಗೂ ಇಂಟರಪ್ಟ್ ಎಣಿಕೆಗೂ ತಾಳೆ ಹಾಕಬೇಡಿ. ಹತ್ತಿರ ಹತ್ತಿರ ಬಂದ ಎರಡು ಬದಲಾವಣೆ ಒಂದೇ ಇಂಟರಪ್ಟ್‌ನಲ್ಲಿ ಮುಗಿಯುತ್ತದೆ, ಅದು ತಪ್ಪಲ್ಲ. ತಾಳೆ ಹಾಕಬೇಕಾದ್ದು ಕೊನೆಯ ಸ್ಥಿತಿ. ಪ್ರತಿ ಸುತ್ತಿನ ಕೊನೆಯಲ್ಲಿ 20 ಮಿಲಿಸೆಕೆಂಡ್ ಬಿಟ್ಟು, ಪಿನ್‌ಗಳು ನಿಜವಾಗಿ ಹೇಗಿವೆ ಮತ್ತು ಡ್ರೈವರ್ ಹೇಗಿವೆ ಎಂದುಕೊಂಡಿದೆ ಎರಡನ್ನೂ ಹೋಲಿಸಿ. ಇಂಟ್‌ಕ್ಯಾಪ್ ಹೇಳುವುದು ಇಂಟರಪ್ಟ್ ಆದ ಕ್ಷಣದ ಸ್ಥಿತಿ, ಈಗಿನದ್ದಲ್ಲ. ಈಗಿನ ಸ್ಥಿತಿಗೆ ಚಿಪ್‌ನ ಜಿಪಿಐಒ ರಿಜಿಸ್ಟರನ್ನೂ ಓದಬೇಕು.

ಪರೀಕ್ಷೆಯ ನಡುವೆ ಎರಡು ಮೂರು ಸಲ ಪೈಯನ್ನು ಮಾತ್ರ ರೀಬೂಟ್ ಮಾಡಿ, ಚಿಪ್‌ಗೆ ಪವರ್ ಇದ್ದ ಹಾಗೆಯೇ, ಪಿನ್‌ಗಳು ಕುಣಿಯುತ್ತಿರುವಾಗಲೇ. ಎದ್ದ ಮೇಲೆ ಎಣಿಕೆ ಸೊನ್ನೆಯಿಂದ ಮುಂದೆ ಹೋದರೆ ಪೆಟ್ಟಿಗೆ ಮುಚ್ಚಿ ಸೈಟಿಗೆ ಒಯ್ಯಬಹುದು. ಒಯ್ಯುವಾಗ ಇನ್‌ಪುಟ್ ತಂತಿಗಳನ್ನು ಮೋಟಾರಿನ ಕೇಬಲ್ ಜೊತೆ ಕಟ್ಟದೆ ಬೇರೆ ಪೈಪಿನಲ್ಲಿ ಎಳೆಯಲು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಡಿ.